ಎಷ್ಟು ಸಲ ಇಳಿದು ಹತ್ತಬೇಕು?

ಸ್ವಾತಂತ್ರ್ಯ ಬಂದ ಎರಡು ವರ್ಷಕ್ಕೆ ದೊಡ್ಡಬಳ್ಳಾಪುರದ ನಮ್ಮ ಮನೆಗೆ ಫ್ರಾನ್ಸಿನಿಂದ ಒಂದು ಕಾಗದ ಬಂತು. ಬರೆದವರು ನನ್ನ ಯಜಮಾನರು. ರೇಷ್ಮೆ ನೇಯುವ ಹೊಸ ಯಂತ್ರಗಳ ಕೆಲಸ ಕಲಿಯಲು ಅವರು ಲಿಯಾನ್ ಎಂಬ ಊರಿಗೆ ಹೋಗಿ ಎಂಟು ತಿಂಗಳಾಗಿತ್ತು. ಚಳಿಗಾಲ ಮುಗಿಯುವವರೆಗೆ ನಾನು ಬರುವಂತಿಲ್ಲ, ನೀನೇ ಬಾ, ಎರಡು ತಿಂಗಳಿದ್ದು ಯುರೋಪು ನೋಡಿಕೊಂಡು ಹೋಗು ಎಂದು ಬರೆದಿದ್ದರು. ಹಡಗಿನಲ್ಲಿ ಹೊರಟರೆ ಹೋಗಿ ಬರುವುದರಲ್ಲೇ ತಿಂಗಳು ಕಳೆದುಹೋಗುತ್ತದೆ, ವಿಮಾನದಲ್ಲೇ ಬಾ ಎಂದೂ ಕೊನೆಯಲ್ಲಿ ಸೇರಿಸಿದ್ದರು.

ನಾನು ಕಾಗದವನ್ನು ಗಟ್ಟಿಯಾಗಿ ಓದಿ ಮುಗಿಸಿದಾಗ, ವಿಮಾನವೆಂದರೆ ಹೆದರುವ ಮಾವ ಎದ್ದು ಮಗ್ಗದ ಕಡೆ ಹೋದರು. ಯುದ್ಧದ ಕಾಲದಲ್ಲಿ ಯಲಹಂಕದ ಕಡೆಯಿಂದ ವಿಮಾನದ ಸದ್ದು ಬಂದರೆ ಸಾಕು, ಅವರು ಮಗ್ಗ ನಿಲ್ಲಿಸಿ ಒಳಗೆ ಬಂದು ಕೂರುತ್ತಿದ್ದರು. ಅತ್ತೆ ಮಾತ್ರ ನೂಲು ಸುತ್ತುತ್ತಿದ್ದ ರಾಟೆ ನಿಲ್ಲಿಸಿ, "ಒಬ್ಳೇ ಹೆಂಗೆ ಹೋಗ್ತೀಯ? ನಾನೂ ಬರ್ತೀನಿ," ಎಂದರು.

ನನಗಾಗ ಇಪ್ಪತ್ತೆರಡು ವರ್ಷ. ಮದುವೆಯಾದ ಮೇಲೆ ಯಜಮಾನರ ಜೊತೆ ಒಂದು ಸಂಜೆ ನಂದಿಬೆಟ್ಟಕ್ಕೆ ಹೋಗಿಬಂದದ್ದು ಬಿಟ್ಟರೆ ಬೇರೆ ಪ್ರಯಾಣ ಕಂಡವಳಲ್ಲ. ಅತ್ತೆಯ ಮಾತು ಕೇಳಿ ನನ್ನ ಮುಖ ಸ್ವಲ್ಪ ಬಾಡಿದ್ದು ನಿಜ. ಅವರು ಅದನ್ನು ನೋಡಿಯೂ ನೋಡದಂತೆ ಇದ್ದರು.

ಮುಂದಿನ ವಾರ ನಾವಿಬ್ಬರೂ ಬೆಂಗಳೂರಿನ ಕಂಟೋನ್ಮೆಂಟ್ ಕಡೆಯ ಒಬ್ಬ ಟಿಕೆಟ್ ಏಜೆಂಟರ ಆಫೀಸಿಗೆ ಹೋದೆವು. ಟೈ ಕಟ್ಟಿದ್ದ ಆತ ಗೋಡೆಯ ಭೂಪಟದ ಮೇಲೆ ಪೆನ್ಸಿಲ್ ಓಡಿಸುತ್ತ ಎರಡು ದಾರಿ ತೋರಿಸಿದ. ಮೊದಲನೆಯದು ಬೊಂಬಾಯಿಯಿಂದ ಕೈರೋ; ಅಲ್ಲಿ ಇಳಿದು ಒಂದೂವರೆ ಗಂಟೆಯಲ್ಲಿ ಇನ್ನೊಂದು ವಿಮಾನ ಹತ್ತಿ ಪ್ಯಾರಿಸ್; ಅಲ್ಲಿಂದ ರೈಲಿನಲ್ಲಿ ಲಿಯಾನ್. ಎರಡನೆಯದರಲ್ಲಿ ಬೊಂಬಾಯಿಯಲ್ಲಿ ಹತ್ತಿದ ವಿಮಾನವೇ ಕೈರೋದಲ್ಲಿ ಎಣ್ಣೆ ತುಂಬಿಸಿಕೊಂಡು ಸ್ವಿಟ್ಜರ್‌ಲೆಂಡಿನ ಜಿನೀವಾಕ್ಕೆ ಒಯ್ಯುತ್ತದೆ. ಅಲ್ಲಿಂದ ಮೂರು ನಾಲ್ಕು ಗಂಟೆಯ ರೈಲು. ಆದರೆ ಅದು ವಾರಕ್ಕೆ ಒಂದೇ.

ನನ್ನ ಮನಸ್ಸು ಆಗಲೇ ಪ್ಯಾರಿಸ್ಸಿನಲ್ಲಿ ಇಳಿದಾಗಿತ್ತು. ಅತ್ತೆ ಕುರ್ಚಿಯ ತುದಿಗೆ ಸರಿದು ಕೂತರು.

"ಏನಪ್ಪಾ, ಎಷ್ಟು ಸಲ ಇಳಿದು ಹತ್ಬೇಕು?"

"ಮೊದಲನೇದ್ರಲ್ಲಿ ಎರಡು ಸಲ ಅಮ್ಮಾ. ಎರಡನೇದ್ರಲ್ಲಿ ಒಂದೇ ಸಲ."

"ಆ ಕೈರೋದಲ್ಲಿ ನಮ್ಮ ವಿಮಾನ ತಡವಾಗಿ ಹೋದ್ರೆ ಇನ್ನೊಂದು ಕಾಯ್ತದಾ?"

ಏಜೆಂಟ್ ನಕ್ಕ. "ವಿಮಾನ ಹಂಗೆಲ್ಲ ತಡ ಆಗಲ್ಲಮ್ಮಾ."

"ರೈಲಿನವ್ರೂ ಹಂಗೇ ಅಂದಿದ್ರು ಕಣಪ್ಪಾ."

ಅದೇನೆಂದು ಅವರು ವಾಪಸ್ ಬರುವಾಗ ಹೇಳಿದರು. ಅವರ ತವರು ದೇವನಹಳ್ಳಿ. ನಮ್ಮೂರಿಂದ ಯಲಹಂಕದವರೆಗೆ ದೊಡ್ಡ ರೈಲು, ಅಲ್ಲಿ ಇಳಿದು ಚಿಕ್ಕ ರೈಲು ಹಿಡಿಯಬೇಕು. ಯಜಮಾನರು ಕೈಗೂಸಾಗಿದ್ದಾಗ ಒಮ್ಮೆ ದೊಡ್ಡ ರೈಲು ಮಾಕಳಿದುರ್ಗದ ಏರಿನಲ್ಲೇ ನಿಂತು ತಡವಾಗಿ ಬಂತು. ಇವರು ಯಲಹಂಕದಲ್ಲಿ ಇಳಿಯುವಾಗ ಚಿಕ್ಕ ರೈಲಿನ ಹೊಗೆ ಕಾಣಿಸುತ್ತಿತ್ತಂತೆ, ಅಷ್ಟೇ. ಇಡೀ ದಿನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಪ್ಲಾಟ್‌ಫಾರ್ಮಿನ ಮರದಡಿ ಕೂತರಂತೆ.

"ನಾಲ್ಕು ಮೈಲಿ ಆಚೆ ಗುರುತಿನವ್ರು ಇದ್ದ ಊರಲ್ಲೇ ಅಳು ಬಂದಿತ್ತು. ಕೈರೋದಲ್ಲಿ ಯಾರಿದ್ದಾರೆ ನಮಗೆ?"

ಆದರೂ ನಾನು ಸುಮ್ಮನಾಗಲಿಲ್ಲ. ಸಂಜೆ ಅವರು ರಾಟೆಯ ಮುಂದೆ ಕೂತಾಗ ಹತ್ತಿರ ಹೋಗಿ, "ಅತ್ತೆ, ನಂಗೆ ಪ್ಯಾರಿಸ್ ನೋಡ್ಬೇಕು ಅಂತ ಆಸೆ," ಎಂದೆ.

"ನೋಡುವಂತೆ. ಮೊದ್ಲು ನಿನ್ನ ಗಂಡನ್ನ ನೋಡು," ಎಂದರು ಅತ್ತೆ, ನೂಲಿನಿಂದ ಕಣ್ಣು ತೆಗೆಯದೆ. ನನಗೆ ನಾಚಿಕೆಯಾಗಿ ಅಡಿಗೆಮನೆಗೆ ಓಡಿದೆ.

ಹೀಗೆ ಜಿನೀವಾದ ದಾರಿಯೇ ನಿಶ್ಚಯವಾಯಿತು. ಉಳಿದ ಕೊಂಡಿಗಳನ್ನೂ ಅತ್ತೆಯೇ ಜೋಡಿಸಿದರು. ಬೊಂಬಾಯಿಗೆ ರೈಲಿನಲ್ಲಿ, ಅದೂ ಎರಡು ದಿನ ಮೊದಲೇ. ವಿಮಾನ ಜಿನೀವಾ ಮುಟ್ಟುವುದು ಬೆಳಿಗ್ಗೆ, ಲಿಯಾನಿಗೆ ರೈಲು ಮಧ್ಯಾಹ್ನ. ಅತ್ತೆ ಆ ರೈಲು ಬೇಡ, ಮರುದಿನದ್ದು ಸಾಕು ಎಂದರು. ಯಜಮಾನರಿಗೆ ಇದನ್ನೆಲ್ಲ ಬರೆದೆ. ಒಂದು ದಿನ ಸುಮ್ಮನೆ ದಂಡವಾಗುತ್ತದಲ್ಲ ಎಂದು ಅವರು ಗೊಣಗಿದರೂ, ಜಿನೀವಾಕ್ಕೆ ತಾವೇ ಬಂದು ಕಾಯುವುದಾಗಿ ತಿಳಿಸಿದರು.

ಬೊಂಬಾಯಿಯಲ್ಲಿ ವಿಮಾನದ ಎಂಜಿನ್ನಿಗೆ ಏನೋ ಆಗಿ ನಾವು ಹೊರಟಿದ್ದು ಏಳು ಗಂಟೆ ತಡವಾಗಿ. ಸುತ್ತಲಿನವರು ಗಡಿಯಾರ ನೋಡಿಕೊಂಡು ಚಡಪಡಿಸುತ್ತಿದ್ದರೆ ಅತ್ತೆ ಎರಡು ಸ್ವೆಟರಿನ ಮೇಲೆ ಮಾವನ ಕೋಟು ಹಾಕಿಕೊಂಡು ನೆಮ್ಮದಿಯಾಗಿ ಹುರಿಹಿಟ್ಟು ಕಲಸುತ್ತಿದ್ದರು. ವಿಮಾನ ನೆಲ ಬಿಟ್ಟಾಗ ಕಣ್ಣು ಮುಚ್ಚಿ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆಯೊಂದು ಒಡೆಯಿತು. ಆಮೇಲೆ ತಟ್ಟೆ ಹಿಡಿದು ಬಂದ ವಿಮಾನದ ಹುಡುಗಿಯನ್ನು, "ನಿನ್ನ ಊಟ ಆಯ್ತೇನಮ್ಮಾ?" ಎಂದು ಕೇಳಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಇದುವರೆಗೆ ಯಾರೂ ಕೇಳಿರಲಿಲ್ಲವೆಂದು ಆಕೆ ನಕ್ಕಳು. ಜಿನೀವಾ ಬರುವವರೆಗೂ ಅತ್ತೆಯ ಕಾಲಿಗೆ ಹೊದಿಕೆ ಸರಿಪಡಿಸುತ್ತಲೇ ಇದ್ದಳು.

ಇಳಿದಾಗ ಸಂಜೆ, ಹಿಮ ಬೀಳುತ್ತಿತ್ತು. ಮಧ್ಯಾಹ್ನದ ರೈಲು ಹೋಗಿ ಎಷ್ಟೋ ಹೊತ್ತಾಗಿತ್ತು. ನಮ್ಮ ಜೊತೆ ಬಂದಿದ್ದ ಒಬ್ಬ ಗುಜರಾತಿ ವ್ಯಾಪಾರಿ ಅದೇ ರೈಲಿನ ಟಿಕೆಟ್ ಹಿಡಿದುಕೊಂಡು ಕೌಂಟರಿನಲ್ಲಿ ವಾದಿಸುತ್ತಿದ್ದ. ಬೆಳಿಗ್ಗೆಯಿಂದ ಕಾದು ಮೂಗು ಕೆಂಪಾಗಿದ್ದ ಯಜಮಾನರು ಓಡಿಬಂದರು. "ಅಮ್ಮ, ನೀನು ಹೇಳಿದ್ದೇ ಸರಿಹೋಯ್ತು," ಎಂದರು.

ಅತ್ತೆಗೆ ಅದು ಕೇಳಿಸಲೇ ಇಲ್ಲ. ಅವರು ಕೋಟಿನ ತೋಳಿನ ಮೇಲೆ ಬಿದ್ದ ಹಿಮವನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಂಡಿದ್ದರು. "ಏನೂ ರುಚೀನೇ ಇಲ್ವಲ್ಲೋ ಇದಕ್ಕೆ!"

ಜನವರಿಯಲ್ಲಿ ಯಜಮಾನರಿಗೆ ನಾಲ್ಕು ದಿನ ರಜೆ ಸಿಕ್ಕಿ ಲಿಯಾನಿನಿಂದ ಪ್ಯಾರಿಸ್ಸಿಗೆ ಹೊರಟೆವು. ಅತ್ತೆ ಬರಲಿಲ್ಲ. "ನಂಗೆ ಆ ಚಳೀಲಿ ಅಲೆಯೋಕಾಗಲ್ಲ, ನೀವಿಬ್ರೇ ಹೋಗ್ಬನ್ನಿ," ಎಂದು ನಮ್ಮನ್ನು ಬಾಗಿಲವರೆಗೆ ದೂಡಿದರು. ಅವರಿಗೆ ಚಳಿ ಅಷ್ಟೇನೂ ಬಾಧಿಸಿರಲಿಲ್ಲವೆಂದು ನನಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ನದಿಯವರೆಗೆ ನಡೆದು ಬರುತ್ತಿದ್ದವರು ಅವರು. ನಾವು ಹಿಂದಿರುಗಿದಾಗ ಕೆಳಗಿನ ಮನೆಯ ಮುದುಕಿಯ ಒಲೆಯ ಮುಂದೆ ಕೂತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆ ಮುದುಕಿ ಅತ್ತೆಯ ಸೀರೆಯ ಅಂಚನ್ನು ದೀಪಕ್ಕೆ ಹಿಡಿದು ಎಳೆ ನೋಡುತ್ತಿದ್ದಳು. ಅತ್ತೆ ಮಾವನಿಗೆಂದು ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದರು. ಒಂದು ಕಾಲಿನದು ಮುಗಿದಿತ್ತು.