ಅಮೆರಿಕದಲ್ಲಿ ಬಡಿದ ಸಿಡಿಲು

ಈ ಮಗ್ಗದ ಲಾಳಿಗೆ ನಾನು ಇನ್ನೂರು ರೂಪಾಯಿ ಕೊಟ್ಟೆ. ಕೊಳ್ಳೇಗಾಲದ ಗುಜರಿ ಅಂಗಡಿಯವನು ಹೇಳಿದ್ದೂ ಅಷ್ಟೇ, ನಾನು ಕೊಟ್ಟಿದ್ದೂ ಅಷ್ಟೇ. ಜೀವಮಾನವೆಲ್ಲ ರೇಷ್ಮೆಗೂಡಿನ ವ್ಯಾಪಾರ ಮಾಡಿದವನು ನಾನು. ಚೌಕಾಸಿ ಮಾಡದೆ ಒಂದು ಕಟ್ಟು ಸೊಪ್ಪು ಕೂಡ ಕೊಂಡವನಲ್ಲ. ಗುಜರಿ ಅಂಗಡಿಗೆ ಹೋದರೆ ಬೇಡದ ಸಾಮಾನನ್ನು ಮೊದಲು ಎತ್ತಿ ನೋಡಬೇಕು, ಬೇಕಾದ್ದರ ಬೆಲೆಯನ್ನು ಹೊರಡುವಾಗ ಹೊಸಿಲ ಮೇಲೆ ನಿಂತು ಕೇಳಬೇಕು. ಇದನ್ನು ಎಷ್ಟೋ ಜನಕ್ಕೆ ನಾನೇ ಹೇಳಿಕೊಟ್ಟಿದ್ದೇನೆ. ಆದರೆ ಅವತ್ತು ಮೊದಲು ಎತ್ತಿದ್ದೇ ಲಾಳಿಯನ್ನು. ಎತ್ತಿದವನು ಮೂಗಿನ ಹತ್ತಿರ ಹಿಡಿದುಬಿಟ್ಟೆ. ಕಮಟು ಎಣ್ಣೆ, ಒಣಗಿದ ಗಂಜಿ, ಮುಚ್ಚಿಟ್ಟ ಪೆಟ್ಟಿಗೆಯ ವಾಸನೆ... ಅಂಗಡಿಯವನು ನನ್ನ ಮುಖ ನೋಡಿದ. ಅಲ್ಲಿಗೆ ನನ್ನ ವ್ಯಾಪಾರ ಮುಗಿಯಿತು.

ಲಾಳಿಯ ಬದಿಯಲ್ಲಿ ಕಾಯಿಸಿದ ಸೂಜಿಯಿಂದ ಚುಚ್ಚಿದ ಎರಡು ಕರಿ ಚುಕ್ಕೆ. ಹೊಟ್ಟೆಯೊಳಗೆ ನೂಲು ಸುತ್ತಿದ ಕಂಡಿಕೆ ಹಾಗೇ ಕೂತಿತ್ತು. ಕೆಂಪು ರೇಷ್ಮೆ, ಬಣ್ಣ ಮಾಸಿದೆ, ಆದರೆ ತುಂಬಿದ ಕಂಡಿಕೆ. ಒಂದೆಳೆಯೂ ಬಿಚ್ಚಿರಲಿಲ್ಲ.

ಅದು ನಮ್ಮ ಪಕ್ಕದ ಮನೆಯ ಮಗ್ಗದ ಮಾವನ ಮನೆಯದು. ಸಂಬಂಧದಲ್ಲಿ ಅವರು ಮಾವ ಏನಲ್ಲ. ಮನೆಯೊಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ ಆಡುತ್ತಿದ್ದ ನೇಕಾರರು. ನಾನು ಮಾವ ಅನ್ನುತ್ತಿದ್ದೆ, ಅವರು ಅಳೀಮಯ್ಯ ಅನ್ನುತ್ತಿದ್ದರು, ಅದೇ ರೂಢಿಯಾಯಿತು. ನಾನು ಆಗಿನ್ನೂ ಸೈಕಲ್ಲಿನ ಮೇಲೆ ಬಂಡಳ್ಳಿ, ಶಾಗ್ಯದ ಕಡೆ ತಿರುಗಿ ಗೂಡು ಕೊಳ್ಳುತ್ತಿದ್ದೆ. ಅವರ ಮನೆಯ ನಡುಮನೆಯಲ್ಲಿ, ನೆಲದ ಗುಂಡಿಗೆ ಕಾಲು ಇಳಿಬಿಟ್ಟು ನೇಯುವ ಒಂದು ದೊಡ್ಡ ಕುಣಿಮಗ್ಗ. ಅದರಲ್ಲಿ ಅವರು ಅಗಲ ಅಂಚಿನ ಸೀರೆ ನೇಯುತ್ತಿದ್ದರು. ಒಡಲಿಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು. ಅದಕ್ಕೆ ಮೂರು ಲಾಳಿ ಬೇಕು. ನಡುವೆ ಕೂತವನು ಎರಡನ್ನು ನೋಡಿಕೊಂಡಾನು. ಆಚೆ ಬದಿಯ ಅಂಚಿನ ಲಾಳಿ ಎಸೆಯುವುದಕ್ಕೆ ಪಕ್ಕದಲ್ಲಿ ಇನ್ನೊಬ್ಬ ಕೂರಲೇಬೇಕು. ನಡುವೆ ಮಾವ ಕೂರುತ್ತಿದ್ದರು, ಪಕ್ಕದಲ್ಲಿ ಅವರ ತಮ್ಮ. ಅವರಪ್ಪ ಗುರುತಿಗೆಂದು ದೊಡ್ಡವನ ಲಾಳಿಗೆ ಒಂದು ಚುಕ್ಕೆ, ಚಿಕ್ಕವನದಕ್ಕೆ ಎರಡು ಚುಕ್ಕೆ ಇಟ್ಟಿದ್ದರಂತೆ.

ಅಪ್ಪ ಸತ್ತು ಮನೆ ಭಾಗವಾದಾಗ ಮಗ್ಗ ಅಣ್ಣನ ಪಾಲಿಗೆ ಬಂತು. ತಮ್ಮ ಅದಕ್ಕೂ ಒಪ್ಪಿದ್ದರು. ಆದರೆ ಪಂಚಾಯ್ತಿಯ ಮುಂದೆ ಮಾವನ ಬಾಯಿಂದ ಒಂದು ಮಾತು ಬಂದುಬಿಟ್ಟಿತು: "ಪಕ್ಕದಲ್ಲಿ ಕೂರೋನ್ಗೆ ಮಗ್ಗ ಯಾಕ?" ಮಾರನೆಯ ದಿನವೇ ಚಿಕ್ಕವರು ಹೆಂಡತಿ ಮಕ್ಕಳೊಂದಿಗೆ ಯಳಂದೂರಿಗೆ ಹೋಗಿ, ಬೇರೆಯವರ ಮಗ್ಗದಲ್ಲಿ ಕೂಲಿಗೆ ಕೂತರು. ಅಲ್ಲಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಮಾವ ಒಬ್ಬರೇ ಸಾದಾ ಸೀರೆ ನೇಯ್ದುಕೊಂಡು ಇದ್ದರು.

ಅರವತ್ತರ ದಶಕದ ನಡುವಿನ ಒಂದು ಮಳೆಗಾಲ. ಮಾವನ ಒಬ್ಬಳೇ ಮಗಳಿಗೆ ಮದುವೆ ಗೊತ್ತಾಯಿತು. ಆ ಮನೆಯ ಹೆಣ್ಣುಮಕ್ಕಳ ಧಾರೆ ಸೀರೆ ಆ ಮನೆಯ ಮಗ್ಗದಲ್ಲೇ, ಆ ಮನೆಯವರ ಕೈಯಲ್ಲೇ ಆಗಬೇಕು. ಹೊರಗಿನಿಂದ ತರುವುದಿಲ್ಲ, ಹೊರಗಿನವರನ್ನು ಕೂರಿಸುವುದಿಲ್ಲ. ಅರಿಶಿನದ ಒಡಲು, ಕೆಂಪು ಅಂಚು. ಮಾವ ಉದ್ದೆಳೆಗಳ ಹಾಸು ಹೂಡಿ ಮಗ್ಗ ಸಜ್ಜು ಮಾಡಿಟ್ಟರು. ಆಮೇಲೆ ಅದರ ಎದುರು ಬೀಡಿ ಸೇದುತ್ತಾ ಕೂತರು. ತಮ್ಮನನ್ನು ಕರೆಯಲು ಇವರಿಗೆ ಬಾಯಿಲ್ಲ, ಕರೆಯದೆ ಬರಲು ಅವರಿಗೆ ಕಾಲಿಲ್ಲ.

ಇಂಥದ್ದು ವ್ಯಾಪಾರದಲ್ಲಿ ನನಗೆ ದಿನಾ ಎದುರಾಗುತ್ತಿತ್ತು. ಕೊಡುವವನೂ ಇಳಿಯುವುದಿಲ್ಲ, ಕೊಳ್ಳುವವನೂ ಏರುವುದಿಲ್ಲ. ಆಗ ಬೆಲೆಯ ಮಾತು ಬಿಟ್ಟು ಬೇರೆ ಏನನ್ನಾದರೂ ನಡುವೆ ತರಬೇಕು. ನನಗೆ ಸಿಕ್ಕಿದ್ದು ರಾಕೆಟ್. ಅಮೆರಿಕದವರು ಆಗ ಇಬ್ಬರು ಮನುಷ್ಯರನ್ನು ಅಕ್ಕಪಕ್ಕ ಕೂರಿಸಿ ಆಕಾಶಕ್ಕೆ ಕಳಿಸುತ್ತಿದ್ದರು. ನಮ್ಮ ಬೀದಿಗೆಲ್ಲ ರೇಡಿಯೊ ಇದ್ದದ್ದು ಮಾವನ ಮನೆಯಲ್ಲೇ. ಅವರಿಗೆ ಆ ಸುದ್ದಿಯೆಂದರೆ ಹುಚ್ಚು.

"ಒಬ್ಬ ನಡುಸ್ತಾನ, ಇನ್ನೊಬ್ಬ ಪಕ್ಕದಲ್ಲಿ ಕೂತ್ಕತಾನ. ನಮ್ಮ ಮಗ್ಗನೇ ಕಣ್ಲಾ ಅಳೀಮಯ್ಯ ಅದು, ಬೆಂಕಿ ಒಂದ್ ಜಾಸ್ತಿ" ಎಂದು ನಕ್ಕರು. ನಕ್ಕವರ ಕಣ್ಣು ಮಗ್ಗದ ಪಕ್ಕದ ಖಾಲಿ ಜಾಗಕ್ಕೆ ಹೋಯಿತು. ಅದನ್ನು ನಾನು ಗಂಟು ಹಾಕಿಕೊಂಡೆ.

"ಮಾವ, ನಿಮ್ ತಮ್ಮ ರಾಕೆಟ್ ಸುದ್ದಿ ಕೇಳಕ್ಕೆ ಬಂದ್ರೆ?"

"ಕೇಳಕ್ಕೆ ತಾನೆ? ಬರ್ಲಿ. ರೇಡಿಯೊ ಬೀದೀದು."

ಯಳಂದೂರಿಗೆ ಹೋದೆ. ತಮ್ಮನನ್ನು ನಾನು ಚಿಕ್ಕಮಾವ ಅನ್ನುತ್ತಿದ್ದೆ. ಅವರು ತಲೆಯೆತ್ತದೆ ಕೇಳಿದರು: "ಯಾಕ್ಲಾ, ಯಳಂದೂರ್ನಲ್ಲಿ ರೇಡಿಯೊ ಇಲ್ವಾ?"

"ಅದ. ಓಟ್ಲಲ್ಲಿ ಕಾಫಿಗೆ ಕಾಸು ಕೇಳ್ತಾರ. ನಿಮ್ಮತ್ತಿಗಮ್ಮ ಕೇಳಾಕಿಲ್ಲ."

ಅವರ ಕೈಯ ಲಾಳಿ ಒಂದು ಕ್ಷಣ ನಿಂತಿತು. "ರಾಕೆಟ್ ಕೇಳ್ಕಂಡು ಬಂದ್ಬುಡ್ತೀನಿ. ಅಷ್ಟೆಯಾ" ಅಂದರು.

ಆ ಸಂಜೆ ಮಾವ ಕ್ಷೌರ ಮಾಡಿಸಿಕೊಂಡಿದ್ದರು. ಮಗ್ಗದ ಪಕ್ಕದಲ್ಲಿ ವರ್ಷಗಟ್ಟಲೆ ಕಾಣದಿದ್ದ ಮಣೆ ಬಂದಿತ್ತು, ಅದರ ಮೇಲೆ ಏನನ್ನೋ ಇಟ್ಟು ಟವೆಲ್ ಹೊದಿಸಿದ್ದರು. ನನ್ನ ಕಿವಿಯಲ್ಲಿ, "ರಾಕೆಟ್ ಓಯ್ತು ಅಂತ ಏಳ್ಲಿ, ಆಗ ಟವಲ್ ತಗೀತೀನಿ" ಅಂದರು. ಚಿಕ್ಕಮಾವ ಬಂದರು. ಹೊಸಿಲು ದಾಟಿ ಗೋಡೆಗೊರಗಿ ಕೂತರು. ಅತ್ತೆ, ಅಂದರೆ ಮಾವನ ಹೆಂಡತಿ, ಮೈದುನನಿಗೆ ದೊಡ್ಡ ಲೋಟದಲ್ಲಿ ಕಾಫಿ ಕೊಟ್ಟರು. ಅಣ್ಣತಮ್ಮಂದಿರ ಮಾತೆಲ್ಲ ನನ್ನ ಮೂಲಕವೇ.

"ಯಳಂದೂರ್ನಲ್ಲಿ ಮಳೆಯಾ, ಕೇಳ್ಲಾ."

"ಅದ ಅಂತ ಏಳ್ಲಾ."

ವಾರ್ತೆ ಶುರುವಾಯಿತು. ರಾಕೆಟ್ಟಿನ ಸುದ್ದಿ ಕೊನೆಗೆ ಬಂತು. ರಾಕೆಟ್ ಹಾರಲು ಸಿದ್ಧವಾಗಿ ನಿಂತಿದ್ದ ಕಟ್ಟೆಯ ಹತ್ತಿರ ಸಿಡಿಲು ಬಡಿದಿದೆ, ಪ್ರಯಾಣ ಮುಂದಕ್ಕೆ ಹೋಗಿದೆ ಎಂದರು. ಆಮೇಲೆ ಯಾವುದೋ ಸಂಗೀತ. ಯಾರೂ ರೇಡಿಯೊ ಆರಿಸಲಿಲ್ಲ.

ನಾನು ಟವೆಲ್ಲಿನ ಕಡೆ ಕಣ್ಣು ಮಾಡಿದೆ. ಮಾವ ತಲೆಯಾಡಿಸಿದರು. "ಇವತ್ ಬ್ಯಾಡ. ಸಿಡ್ಲು ಬಡ್ದ ದಿನ ಮಗ್ಗದ ಹೊಸ ಹಾಸು ಮುಟ್ಟಕಿಲ್ಲ ನಾವು. ನಮ್ಮಪ್ಪ ಒಪ್ತಿರ್ನಿಲ್ಲ."

"ಮಾವ, ಸಿಡ್ಲು ಬಡ್ದಿರದು ಅಮೆರಿಕದಲ್ಲಿ!"

"ಎಲ್ ಬಡುದ್ರೂ ಸಿಡ್ಲೇ ಕಣಪ್ಪ."

ನಾನು ಚಿಕ್ಕಮಾವನ ಕಡೆ ತಿರುಗಿದೆ, ಇವರಾದರೂ ನಕ್ಕು ಎದ್ದು ಬಂದು ಮಣೆಯ ಮೇಲೆ ಕೂರಲಿ ಎಂದು. ಅವರು ಗಂಭೀರವಾಗಿ, "ಅದು ದಿಟ. ಮಗಳ ಸೀರೆ. ರಾಕೆಟ್ ಓಗೋ ದಿನವೇ ಬತ್ತೀನಿ" ಅಂದರು. ಅಷ್ಟು ವರ್ಷಗಳಲ್ಲಿ ಅಣ್ಣತಮ್ಮಂದಿರು ಒಪ್ಪಿದ್ದು ಅದೊಂದೇ ಮಾತನ್ನು. ಇಬ್ಬರೂ ಒಂದೇ ಅಪ್ಪನ ಮಕ್ಕಳು... ನಾನು ಬಸ್ಸು ಹತ್ತಿಸಿ ಬಂದೆ.

ಮಾರನೆಯ ದಿನ ನಾನು ಬಂಡಳ್ಳಿಗೆ ಗೂಡು ತರಲು ಹೋದವನು ಮಳೆಗೆ ಸಿಕ್ಕಿಕೊಂಡೆ. ಹಳ್ಳ ದಿನಗಟ್ಟಲೆ ಇಳಿಯಲಿಲ್ಲ. ಇತ್ತ ಕೊಳ್ಳೇಗಾಲದಲ್ಲಿ ಕಂಬ ಬಿದ್ದು ಕರೆಂಟು ಹೋಗಿ, ಮಾವನ ರೇಡಿಯೊ ಮೂಕವಾಯಿತು. ಆ ನಡುವೆಯೇ ರಾಕೆಟ್ ಹೋಗಿಬಿಟ್ಟಿತು. ಯಳಂದೂರಿನ ಹೋಟೆಲಿನಲ್ಲಿ ಚಿಕ್ಕಮಾವ ಸುದ್ದಿ ಕೇಳಿದರಂತೆ. ಅಣ್ಣನೂ ಕೇಳಿರುತ್ತಾನೆ, ಈಗ ಹೇಳಿ ಕಳಿಸುತ್ತಾನೆ ಎಂದು ಬಾಗಿಲು ನೋಡುತ್ತಾ ಕೂತರಂತೆ. ಮಾವನಿಗೆ ಗೊತ್ತಾದದ್ದು ಹಳೆಯ ಪೇಪರಿನಲ್ಲಿ. "ರಾಕೆಟ್ ಓಗಿ ಅದೆಷ್ಟ್ ದಿನ ಆಯ್ತೋ, ಬತ್ತೀನಿ ಅಂದೋನು ಬರ್ನಿಲ್ಲ" ಎಂದು ಪೇಪರು ಮಡಿಚಿಟ್ಟರಂತೆ. ನಾನು ಊರಿಗೆ ಬರುವಷ್ಟರಲ್ಲಿ ಮಣೆಯ ಮೇಲೆ ಕೂಲಿಯ ನೇಕಾರನೊಬ್ಬ ಕೂತಿದ್ದ. ಮದುವೆ ಹತ್ತಿರವಾಗಿತ್ತು, ಸೀರೆ ಆಗಲೇಬೇಕಿತ್ತು. ಅಲ್ಲಿಂದಾಚೆ ಯಳಂದೂರಿಗೆ ಎರಡು ಸಲ ಹೋದೆ. ಚಿಕ್ಕಮಾವ ಲಾಳಿ ನಿಲ್ಲಿಸಲೇ ಇಲ್ಲ.

ಮದುವೆಗೆ ಮಾತ್ರ ಬಂದರು. ಚಪ್ಪರದ ಕಂಬದ ಪಕ್ಕ ನಿಂತಿದ್ದರು. ಧಾರೆಯಾಗಿ ಹುಡುಗಿ ಬಂದು ಕಾಲಿಗೆ ಬಿದ್ದಾಗ, ಅವಳ ಸೆರಗಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು. ಅಂಚು ಒಡಲಿಗೆ ಸೇರುವ ಕಡೆ ಸ್ವಲ್ಪ ಸಡಿಲ.

"ನಮ್ಮಣ್ಣ ನನ್ ಲಾಳೀಲೇ ನೇಯ್ಸುದ್ನಾ?" ಎಂದು ನನ್ನನ್ನು ಕೇಳಿದರು.

ನನಗೆ ಗೊತ್ತಿರಲಿಲ್ಲ. "ಇರ್ಬೇಕು ಚಿಕ್ಕಮಾವ" ಅಂದೆ.

ಅವರು ಅಂಚು ಬಿಟ್ಟರು. ಊಟಕ್ಕೆ ಕೂರಲಿಲ್ಲ. ಮಾವ ಬಾಗಿಲವರೆಗೆ ಬಂದು ನಿಂತದ್ದು ಕಂಡೆ. ಕರೆದದ್ದು ಕೇಳಿಸಲಿಲ್ಲ. ಎಪ್ಪತ್ತರ ದಶಕದಲ್ಲಿ ಮಾವ ತೀರಿಕೊಂಡರು. ತಮ್ಮ ಬಂದು ಹೆಣದ ಕಾಲಬಳಿ ಬಹಳ ಹೊತ್ತು ಕೂತಿದ್ದು ಹೋದರು. ಆಮೇಲೆ ಅವರೂ ಇಲ್ಲ. ಮೊನ್ನೆ ಆ ಮನೆ ಮಾರಿ ಕೆಡವಿದರು. ಹಳೆಯ ಪೆಟ್ಟಿಗೆಗಳೆಲ್ಲ ಗುಜರಿಗೆ ಬಂದವು.

ಈಗ ಲಾಳಿ ನನ್ನ ಮೇಜಿನ ಮೇಲಿದೆ. ಎರಡು ಚುಕ್ಕೆ, ತುಂಬಿದ ಕಂಡಿಕೆ. ಟವೆಲ್ಲಿನ ಕೆಳಗೆ ಇದ್ದದ್ದು ಇದೇ. ಆ ಸಂಜೆ ತಮ್ಮನಿಗಾಗಿ ಸುತ್ತಿಟ್ಟ ನೂಲು ಇದು. ಕೂಲಿಯವನ ಕೈಗೆ ಮಾವ ಬೇರೆ ಲಾಳಿ ಕೊಟ್ಟಿದ್ದಾರೆ, ಇದನ್ನು ಪೆಟ್ಟಿಗೆಯಲ್ಲಿಟ್ಟು ಎಣ್ಣೆ ಸವರುತ್ತಾ ಬಂದಿದ್ದಾರೆ. ಚಪ್ಪರದ ಕೆಳಗೆ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಹೋಗಿ ಹೇಳೋಣವೆಂದರೆ ಯಳಂದೂರಿನಲ್ಲಿ ಕೇಳುವವರಿಲ್ಲ.

ನನ್ನಿಂದ ಬೇರೇನೂ ಕಲಿಯದಿದ್ದರೂ ಇದೊಂದನ್ನು ಇಟ್ಟುಕೊಳ್ಳಿ. ಮಾತು ಬಿಟ್ಟವರು ನಿಮ್ಮ ಹೊಸಿಲು ದಾಟಿ ಬಂದ ದಿನ, ಅವರಿಗಾಗಿ ತೆಗೆದಿಟ್ಟಿದ್ದರ ಮೇಲೆ ಬಟ್ಟೆ ಹೊದಿಸಿಡಬೇಡಿ. ಅವರ ಕೈಗೇ ಕೊಟ್ಟುಬಿಡಿ. ಎಲ್ಲಿ ಏನು ಬಡಿದರೂ ಬಡಿಯಲಿ. ರೇಡಿಯೊ ಆಮೇಲೆ ಹಚ್ಚಬಹುದು.