ಯಾಡಿಯ ತೋಳಿಗೆ ಬಿ.ಪಿ. ಪಟ್ಟಿ

ಯಾಡಿಯ ಕೈಯಿಂದ ರೊಟ್ಟಿ ಹಿಟ್ಟು ಜಾರಿ ಒಲೆಯ ಮುಂದೆ ಬಿತ್ತು. ಎತ್ತಿಕೊಳ್ಳಲು ಹೋದಳು. ಎಡಗೈ ಮೇಲೇಳಲಿಲ್ಲ. ನನ್ನನ್ನು ಕರೆಯಲು ಬಾಯಿ ತೆರೆದಳು, ಅದು ಸೊಟ್ಟಗಾಯಿತು.

ಯಾಡಿ ಎಂದರೆ ನಮ್ಮ ಲಂಬಾಣಿ ಮಾತಿನಲ್ಲಿ ಅಮ್ಮ. ನಮ್ಮ ತಾಂಡಾ ಅಜ್ಜಂಪುರದಿಂದ ಎರಡು ಮೈಲಿ. ರಸ್ತೆಯವರೆಗೆ ಎತ್ತಿನ ಗಾಡಿ, ಅಲ್ಲಿಂದ ಬಸ್ಸು. ಆಸ್ಪತ್ರೆ ಮುಟ್ಟುವಾಗ ಮಧ್ಯಾಹ್ನ.

"ಮುಂಚೆ ಬಿ.ಪಿ. ಎಷ್ಟಿತ್ತಮ್ಮಾ?" ಡಾಕ್ಟರು ಮೊದಲು ಕೇಳಿದ್ದು ಇದನ್ನೇ.

ನನಗೆ ಗೊತ್ತಿರಲಿಲ್ಲ. ಗೊತ್ತಾಗದೆ ಹೋದದ್ದು ನನ್ನಿಂದಲೇ.

ಎರಡು ವರ್ಷದಿಂದ ಯಾಡಿಗೆ ತಲೆನೋವು. ಹಣೆಗೆ ಶುಂಠಿ ಹಚ್ಚಿ, ಬಟ್ಟೆ ಬಿಗಿದು ಕೂಲಿಗೆ ಹೋಗುತ್ತಿದ್ದಳು. ತಡೆಯಲಾರದ ದಿನ ನಾನು ಆಸ್ಪತ್ರೆಗೆ ಕರೆತರುತ್ತಿದ್ದೆ. ನರ್ಸ್ ಪಟ್ಟಿ ಹಿಡಿದು ಬಂದರೆ ಯಾಡಿ ತೋಳನ್ನು ಮುಸುಕಿನೊಳಗೆ ಎಳೆದುಕೊಳ್ಳುತ್ತಿದ್ದಳು. ನಮ್ಮ ಹೆಂಗಸರಿಗೆ ಮೊಣಕೈ ಮೇಲೆ ಸಾಲಾಗಿ ಬಿಳಿ ಬಳೆ. ಅವು ಇಳಿಯುವುದು ಗಂಡ ಸತ್ತಾಗ ಮಾತ್ರ. ಸಾಲಿನಲ್ಲಿದ್ದವರು ಅವಳ ಕನ್ನಡಿ ಹೊಲಿದ ಲಂಗ ನೋಡಿ ನಗುತ್ತಿರುತ್ತಿದ್ದರು. ಶಾಲೆಯಲ್ಲಿ ಟೀಚರ್ ಆಗಿದ್ದ ನನಗೆ ನಾಚಿಕೆ. "ಬಿಟ್ಬಿಡಿ ಸಿಸ್ಟರ್, ಮಾತ್ರೆ ಕೊಡಿ ಸಾಕು" ಎನ್ನುತ್ತಿದ್ದೆ. ಅವರೂ ಬಿಟ್ಟುಬಿಡುತ್ತಿದ್ದರು. ಓದು ಬರಹ ಬಲ್ಲವಳು ನಾನು, ಅವಳಲ್ಲ.

ಆ ದಿನ ಡಾಕ್ಟರು ಬಿಡಲಿಲ್ಲ. ಬಳೆ ಕೊಯ್ಯಲೇಬೇಕು ಎಂದರು. ಯಾಡಿ ಆ ಸೊಟ್ಟ ಬಾಯಲ್ಲೇ ಕೂಗಿ, ಬಲತೋಳನ್ನು ಎದೆಗೆ ಒತ್ತಿಕೊಂಡಳು.

ಬಾಗಿಲಲ್ಲಿ ನಿಂತಿದ್ದ ಅಪ್ಪ ಒಳಗೆ ಬಂದ. ಕಾಂಪೌಂಡರ್ ಕೈಯಿಂದ ಗರಗಸದ ಬ್ಲೇಡು ತಾನೇ ತೆಗೆದುಕೊಂಡ.

"ನಾನೇ ಕುಯ್ತೀನಿ ಕಣೇ. ಸತ್ತೋನು ಬಂದು ಬಳೆ ಕುಯ್ತಾನಾ? ನನ್ನ ಮುಖ ನೋಡು."

ಅವಳು ನೋಡಿದಳು. ಬಳೆಯ ಕೆಳಗೆ ಹತ್ತಿ ತೂರಿಸಿ, ಒಂದೊಂದನ್ನೇ ಕೊಯ್ದ. ಬಹಳ ಹೊತ್ತು ಹಿಡಿಯಿತು. ಬಿಸಿಲು ಕಾಣದ ಆ ಚರ್ಮ ಎಳೆಮಗುವಿನದರಂತಿತ್ತು. ನರ್ಸ್ ಎರಡು ಸಲ ಬಿ.ಪಿ. ನೋಡಿದರು. ನಂಬದೆ ಮೂರನೇ ಸಲವೂ ನೋಡಿದರು.

"ಇಷ್ಟ್ ದಿನ ಏನ್ ಮಾಡ್ತಿದ್ರಿ?" ಎಂದರು ಡಾಕ್ಟರು.

ನಾನು ನೆಲಕ್ಕೆ ಬಿದ್ದ ಬಳೆ ಚೂರುಗಳನ್ನು ಆಯತೊಡಗಿದೆ.

ಯಾಡಿ ಈಗ ಕೋಲು ಹಿಡಿದು ನಡೆಯುತ್ತಾಳೆ. ಎಡಗೈ ಸ್ವಾಧೀನಕ್ಕೆ ಬರಲಿಲ್ಲ. ಬಲತೋಳಿಗೆ ಅಪ್ಪ ಸಡಿಲವಾದ ಹೊಸ ಬಳೆ ತಂದ. ತಿಂಗಳಿಗೊಮ್ಮೆ ಇಬ್ಬರನ್ನೂ ಬಸ್ಸಿಗೆ ಹತ್ತಿಸಿ ಇಳಿಸಿ ನನಗೆ ಸಾಕಾಗುತ್ತದೆ. ಆಸ್ಪತ್ರೆಯಲ್ಲಿ ಅಪ್ಪನೇ ಬಳೆ ತೆಗೆಯಬೇಕು, ಪಟ್ಟಿ ಬಿಚ್ಚುವವರೆಗೆ ಅವಳ ಎದುರಿಗೇ ಕೂತಿರಬೇಕು. ಹೊರಗಿರಿ ಎಂದು ನರ್ಸ್ ಗದರಿದರೂ ಅವನು ಏಳುವುದಿಲ್ಲ.

ಹೋದ ತಿಂಗಳು ಅಪ್ಪನಿಗೆ ಜ್ವರ. ಬರಲಾಗಲಿಲ್ಲ. ಅಪ್ಪನಿಲ್ಲದೆ ಅವಳು ಬಿ.ಪಿ. ನೋಡಲು ಬಿಡುವುದಿಲ್ಲ ಎಂದುಕೊಂಡೇ ಯಾಡಿಯೊಬ್ಬಳನ್ನೇ ಕರೆತಂದೆ. ನರ್ಸ್ ಪಟ್ಟಿ ಹಿಡಿದು ಬಂದರು. ಬಾಯಿಗೆ ಬಂದ "ಬಿಟ್ಬಿಡಿ"ಯನ್ನು ನುಂಗಿಕೊಂಡೆ. ಯಾಡಿ ಸುತ್ತ ನಿಂತ ಜನರನ್ನೆಲ್ಲ ಒಮ್ಮೆ ನೋಡಿದಳು. ಆಮೇಲೆ ತೋಳನ್ನು ನನ್ನ ಕಡೆ ಚಾಚಿದಳು.

"ನೀನೇ ತೆಗಿ," ತೊದಲಿದಳು. "ನಿಮ್ಮಪ್ಪ ಮನೇಲಿ ಗಂಜಿ ಕುಡೀತಾವ್ನೆ ಅಂತ ಇವ್ರಿಗೆಲ್ಲ ಹೇಳು."

ಬಳೆ ತೆಗೆಯುತ್ತಾ ಹೇಳಿದೆ. ಕನ್ನಡದಲ್ಲಿ, ಸಾಲಿನ ಕೊನೆಯವರಿಗೂ ಕೇಳುವಂತೆ. ಯಾರೋ ನಕ್ಕರು. ನಗಲಿ. ಬಿ.ಪಿ. ಸ್ವಲ್ಪ ಇಳಿದಿತ್ತು.