ಬೈರಣ್ಣನವರ ಬೇಸಿಗೆ ರಜೆ

ಜರಗನಹಳ್ಳಿಯ ಬೈರಣ್ಣನವರು ಶಾಲೆಯ ಪೋಷಕರ ಸಭೆಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಎಲ್ಲರಿಗಿಂತ ಮೊದಲೇ ಬಂದು ಮುಂದಿನ ಬೆಂಚು ಹಿಡಿಯುತ್ತಾರೆ. ದಸರಾ ರಜೆಯಲ್ಲಿ ಒಂದು ದಿನ ಕಡಿಮೆ ಮಾಡಿದರೂ ಎದ್ದು ನಿಲ್ಲುತ್ತಾರೆ. ಬೇಸಿಗೆ ರಜೆಗೆ ಕೈಹಾಕಿದರಂತೂ ಮೈಕನ್ನೇ ಬಿಡುವುದಿಲ್ಲ. ಈ ಸಲ, "ಸಿಲಬಸ್ ಮುಗಿಯಲ್ಲ, ಬೇಸಿಗೆಗೆ ಹದಿನೈದು ದಿನ ಸಾಕು" ಎಂದ ತಂದೆಯೊಬ್ಬರಿಗೆ, "ಮಾವಿನಕಾಯಿ ಹಣ್ಣಾಗಕ್ಕೇ ಅಷ್ಟು ದಿನ ಬೇಕು ಸಾರ್, ಮಕ್ಕಳು ಆಡೋದ್ಯಾವಾಗ?" ಎಂದು ಗದರಿದರು. ಸಭೆಯೆಲ್ಲ ನಕ್ಕಿತು. ಹೊಸದಾಗಿ ಬಂದಿದ್ದ ಮುಖ್ಯೋಪಾಧ್ಯಾಯಿನಿ, "ನಿಮ್ಮ ಮೊಮ್ಮಗು ಯಾವ ಕ್ಲಾಸು?" ಎಂದು ಕೇಳಿದರು. ಬೈರಣ್ಣನವರ ದನಿ ಇಳಿಯಿತು. "ಮೊಮ್ಮಕ್ಕಳಿಲ್ಲ ಮೇಡಂ. ನಮ್ಮ ಬಾಡಿಗೆ ಮನೆಗಳ ಒಂಬತ್ತು ಮಕ್ಕಳು ಇಲ್ಲಿ ಓದ್ತವೆ. ಅಪ್ಪ ಅಮ್ಮ ಕೆಲಸಕ್ಕೆ ಹೋದ್ರೆ, ರಜಾ ಪೂರ್ತಿ ನಮ್ಮನೇಲೇ ಇರ್ತವೆ. ಸ್ಕೂಲು ಶುರುವಾದ್ರೆ ಮನೆ ಬಿಕೋ ಅನ್ನುತ್ತೆ." ಮುಖ್ಯೋಪಾಧ್ಯಾಯಿನಿ ಮುಂದಿದ್ದ ರಜೆ ಪಟ್ಟಿಯಲ್ಲಿ ಬೇಸಿಗೆ ರಜೆಯನ್ನು ಇದ್ದಂತೆಯೇ ಉಳಿಸಿ, ಪೆನ್ನು ಮುಚ್ಚಿದರು.